ನಡುವೆ ಇಟ್ಟ ತಾಟು

ಬೆಟಗೇರಿಯಲ್ಲಿ ನೂಲಿನ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಸ್ಪೇನ್ ದೇಶದ ತಿಂಡಿ ಸಿಗುತ್ತದೆ ಎಂದರೆ ಈಗಲೂ ಎಷ್ಟೋ ಜನ ನಂಬುವುದಿಲ್ಲ. ಕೈಬೆರಳಿನಲ್ಲಿ ಎಣಿಸುವಷ್ಟು ಮೇಜುಗಳು, ಸುಣ್ಣ ಬಳಿದ ಗೋಡೆ, ಕಿಟಕಿ ತೆರೆದರೆ ಕೆಳಗಿನ ಓಣಿಯ ಮಗ್ಗದ ಸದ್ದು. ಅದನ್ನು ಶುರುಮಾಡಿದವನು ನನ್ನ ಗೆಳತಿಯ ಮಗ. ಹಡಗಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದವನು, ಸ್ಪೇನಿನ ಒಂದು ಬಂದರಿನ ಊರಲ್ಲಿ ಇಳಿದು, ಅಲ್ಲಿಯ ಪುಟ್ಟ ಹೋಟೆಲೊಂದರಲ್ಲಿ ಬಹಳ ವರ್ಷ ಒಲೆಯ ಮುಂದೆ ನಿಂತು ಕಲಿತು ಬಂದಿದ್ದ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ‘ತಪಾಸ್’ ಎಂದು ಬರೆಸಿದ. ಸಣ್ಣ ಸಣ್ಣ ತಾಟುಗಳಲ್ಲಿ ಕೊಡುವ ತಿಂಡಿಗೆ ಆ ದೇಶದಲ್ಲಿ ಅದೇ ಹೆಸರಂತೆ. ನಮ್ಮ ಕಡೆ ತಪಾಸ್ ಮಾಡುವುದೆಂದರೆ ಪರೀಕ್ಷೆ ಮಾಡುವುದು. ಮೊದಲ ವಾರ ವಯಸ್ಸಾದವರೊಬ್ಬರು ಡಾಕ್ಟರ ಚೀಟಿ ಹಿಡಿದುಕೊಂಡು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, “ರಕ್ತ ಇಲ್ಲೇ ತಗಿತೀರೇನ್ರಿ?” ಎಂದು ಕೇಳಿದ್ದರಂತೆ.

ಈ ಸುದ್ದಿಯನ್ನು ಗೆಳತಿ ಫೋನಿನಲ್ಲಿ ಹೇಳಿ ತಾವೇ ಮೊದಲು ನಕ್ಕರು. ಆಮೇಲೆ ದನಿ ಇಳಿಸಿದರು.

“ಅಕ್ಕಾರ, ನೀವೊಂದ್ಸಲ ಬರಬೇಕ್ರಿ. ನಿಮಗ ನಡಿತೈತೋ ಇಲ್ಲೋ, ನಾ ಒತ್ತಾಯ ಮಾಡೂದಿಲ್ಲ. ಆದ್ರ ಹುಡುಗ ಭಾಳ ಆಸೆ ಇಟ್ಕೊಂಡಾನ.”

“ಯಾಕ ನಡಿಯೂದಿಲ್ಲ, ಆಪಾ? ಬಂದ ಬರ್ತೀನಿ” ಎಂದೆ. ಆ ಮಾತು ಎಷ್ಟು ಸಲೀಸಾಗಿ ಹೊರಬಿತ್ತೆಂದರೆ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಹೆಮ್ಮೆ ಯಾಕೆಂದು ಹೇಳಬೇಕು. ನಾವಿಬ್ಬರೂ ಮುಂಡರಗಿಯ ಒಂದೇ ಶಾಲೆಯಲ್ಲಿ ಕಲಿಸಿದವರು. ಅಕ್ಕ ಎನ್ನುವುದಕ್ಕೆ ಅವರ ಮನೆಮಾತಿನಲ್ಲಿ ಆಪಾ, ನಾನು ಅವರನ್ನು ಹಾಗೆಯೇ ಕರೆಯುತ್ತೇನೆ. ಗದಗಿನಿಂದ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಒಬ್ಬರಿಗೊಬ್ಬರು ಸೀಟು ಹಿಡಿದಿದ್ದೇವೆ, ಒಬ್ಬರ ಹೆಗಲ ಮೇಲೆ ಒಬ್ಬರು ತೂಕಡಿಸಿದ್ದೇವೆ. ನನ್ನ ಹೆರಿಗೆಯ ಸಮಯದಲ್ಲಿ ನನ್ನ ತರಗತಿಯನ್ನೂ ಅವರೇ ಸಂಭಾಳಿಸಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನನ್ನ ಡಬ್ಬಿಯ ಪಲ್ಯ ಅವರ ರೊಟ್ಟಿಯ ಮೇಲೆ ಹೋಗುತ್ತಿತ್ತು. ಅವರ ಡಬ್ಬಿಯಿಂದ ನನ್ನ ಕಡೆಗೆ ಏನೂ ಬರುತ್ತಿರಲಿಲ್ಲ. ಬೇಡವೆಂದು ನಾನು ಬಾಯಿಬಿಟ್ಟು ಹೇಳಿದ್ದಿಲ್ಲ. ಅವರು ಕೊಡಲು ಕೈ ಚಾಚಿದ್ದೂ ಇಲ್ಲ. ಲಕ್ಷ್ಮೇಶ್ವರದ ಗುಡಿಯೊಂದರಲ್ಲಿ ಪೂಜೆ ಮಾಡುವ ಮನೆಯ ಮಗಳು ನಾನೆಂದು ಅವರಿಗೆ ಗೊತ್ತಿತ್ತು, ಅಷ್ಟರಲ್ಲಿಯೇ ಎಲ್ಲ ತಿಳಿದುಕೊಂಡಿದ್ದರು. ರಮಜಾನ್ ಹಬ್ಬ ಮುಗಿದ ಮೇಲೆ ಉಳಿದ ಶಿಕ್ಷಕರಿಗೆಲ್ಲ ಶೀರ್ ಖುರ್ಮಾದ ಡಬ್ಬಿ ಬರುತ್ತಿತ್ತು. ನನಗೆ ಮಾತ್ರ ಶಾವಿಗೆ, ಉತ್ತತ್ತಿ, ಗೋಡಂಬಿ, ಸಕ್ಕರೆ ಬೇರೆ ಬೇರೆ ಪೊಟ್ಟಣ ಕಟ್ಟಿ ತರುತ್ತಿದ್ದರು. “ಮನ್ಯಾಗ ಮಾಡ್ಕೊಂಡು ತಿನ್ರಿ” ಎನ್ನುತ್ತಿದ್ದರು. ನಾನು ಮನೆಗೆ ಒಯ್ದು, ನಮ್ಮ ಪಾತ್ರೆಯಲ್ಲಿ ನಮ್ಮ ಹಾಲು ಕಾಯಿಸಿ ಮಾಡಿಕೊಂಡು ತಿನ್ನುತ್ತಿದ್ದೆ. ಮರುದಿನ ಬಸ್ಸಿನಲ್ಲಿ, “ಭಾಳ ಚಲೋ ಆಗಿತ್ತು ಆಪಾ” ಎಂದು ಹೇಳುತ್ತಲೂ ಇದ್ದೆ.

ನಿವೃತ್ತಿಯಾದ ಮೇಲೆ ನಾನು ಬಹಳ ಸಡಿಲಾಗಿದ್ದೆ, ಅಥವಾ ಹಾಗೆಂದುಕೊಂಡಿದ್ದೆ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು, ಕೇಳುವವರು ಯಾರೂ ಇರಲಿಲ್ಲ. ಖಾನಾವಳಿಯ ರೊಟ್ಟಿ ತಿಂದೆ, ಗಾಡಿಯ ಮುಂದೆ ನಿಂತು ಗಿರ್ಮಿಟ್ಟು ತಿಂದೆ. ನನ್ನ ಯಜಮಾನರು ಮಾತ್ರ ಎಲ್ಲಿಗೂ ಬರುವವರಲ್ಲ. “ನೀ ಹೋಗಿ ಬಾ, ನನಗ ಮನೀ ಅನ್ನ ಸಾರು ಸಾಕು” ಎಂದರು. ಆ ಸಂಜೆ ನಾನು ಇಳಕಲ್ ಸೀರೆ ಉಟ್ಟುಕೊಂಡು ಆಟೋ ಹತ್ತಿದೆ. ಇಷ್ಟು ವರ್ಷ ಆಗದ್ದನ್ನು ಇವತ್ತು ಮಾಡುತ್ತೇನೆ, ಅವರ ಮನೆಯ ಕೈ ಅಡುಗೆಯನ್ನು ಹೊಟ್ಟೆ ತುಂಬ ಉಣ್ಣುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ದೊಡ್ಡ ಉಪಕಾರ ಮಾಡಲು ಹೊರಟವಳ ಹಾಗೆ ಕೂತಿದ್ದೆ ಎಂದು ಈಗ ಅನ್ನಿಸುತ್ತದೆ.

ಮೆಟ್ಟಿಲ ಬಾಯಲ್ಲೇ ಗೆಳತಿ ಕಾಯುತ್ತಿದ್ದರು. ಹಿಂದೆ ಹೊಲಿಗೆ ಅಂಗಡಿ ಇಟ್ಟಿದ್ದ ಅವರ ಯಜಮಾನರು ಎದ್ದು ನಿಂತು, “ಬರ್ರಿ, ಕುಂಡ್ರಿ” ಎಂದು ಕುರ್ಚಿ ಎಳೆದುಕೊಟ್ಟರು. ಅವರ ಸೊಸೆ ನನ್ನ ಪಕ್ಕದಲ್ಲಿ ಕುಳಿತಳು. ಹೀಗೆ ನಾವು ನಾಲ್ವರು ಒಂದು ಮೇಜಿಗೆ. ಪ್ರತಿಯೊಬ್ಬರ ಮುಂದೂ ಅಂಗೈ ಅಗಲದ ಖಾಲಿ ತಾಟು, ಒಂದು ಮುಳ್ಳು ಚಮಚ. ಮಗ ಅಡುಗೆಮನೆಯಿಂದ ಏಪ್ರನ್ ಕಟ್ಟಿಕೊಂಡೇ ಬಂದ. ನನ್ನನ್ನು ಅವನು ಕರೆಯುವುದು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ.

“ಖಾಲಾ, ಇವತ್ತು ಎಲ್ಲಾ ಕಾಯಿಪಲ್ಲೆದ್ದ. ತತ್ತಿ ಸೈತ ಇಲ್ಲ. ಸ್ಪೇನಿನ್ಯಾಗ ಒಮ್ಮೆಲೆ ಬಡಸೂದಿಲ್ಲ, ಒಂದಾದ ಮ್ಯಾಲೆ ಒಂದು ಬರತಾವು. ನೀವು ಆರಾಮ ತಿನ್ಕೊಂತ ಕುಂಡ್ರಿ.”

ಮೊದಲು ಬಂದದ್ದು ಹಸಿರು ಮೆಣಸಿನಕಾಯಿ. ಎಣ್ಣೆಯಲ್ಲಿ ಬಾಡಿಸಿ ಮೇಲೆ ಹರಳುಪ್ಪು ಉದುರಿಸಿದ್ದ. ಖಾರವಿಲ್ಲದ ಜಾತಿಯದು. ಅವನು ತಾಟನ್ನು ನನ್ನ ಮುಂದೆ ಇಟ್ಟ. ನಾನು ಎಲ್ಲರ ಮುಖ ನೋಡಿದೆ.

“ನೀವು ಚಾಲೂ ಮಾಡ್ರಿ ಅಕ್ಕಾರ” ಎಂದರು ಗೆಳತಿ.

ಅತಿಥಿಗೆ ಮೊದಲು ಬಡಿಸುತ್ತಾರೆ, ಉಳಿದವರಿಗೆ ಆಮೇಲೆ ಬರುತ್ತದೆ ಎಂದುಕೊಂಡೆ. ನಮ್ಮಲ್ಲೂ ಹಾಗೆಯೇ. ತಿಂದೆ. ಚೆನ್ನಾಗಿತ್ತು. ತಟ್ಟೆಯಲ್ಲಿ ಬಿಟ್ಟರೆ ಬಡಿಸಿದವರಿಗೆ ಅವಮಾನವೆಂದು ಬೆಳೆದವಳು ನಾನು, ಒಂದನ್ನೂ ಬಿಡಲಿಲ್ಲ. ಆಮೇಲೆ ಸುಟ್ಟ ಬ್ರೆಡ್ಡಿನ ಮೇಲೆ ಬೆಳ್ಳುಳ್ಳಿ, ಟೊಮೆಟೊ ಉಜ್ಜಿ ಎಣ್ಣೆ ಹನಿಸಿದ್ದು ಬಂತು. ಅದೂ ನನ್ನ ಮುಂದೆಯೇ. ಆಮೇಲೆ ಹುರಿದ ಬಟಾಟಿಯ ಮೇಲೆ ಕೆಂಪು ಖಾರದ ಗೊಜ್ಜು ಸುರಿದದ್ದು. “ಇದು ಅಲ್ಲಿದು, ಆದ್ರ ಮೆಣಸಿನಕಾಯಿ ಬ್ಯಾಡಗಿದು ನೋಡ್ರಿ” ಎಂದು ಅವನು ನಗುತ್ತ ಇಟ್ಟು ಹೋದ. ಗೊಜ್ಜನ್ನು ಬ್ರೆಡ್ಡಿನ ತುಂಡಿನಿಂದ ಒರೆಸಿ ತಿಂದೆ. ತಾಟು ತೊಳೆದಂತಾಗಿದ್ದನ್ನು ನೋಡಿ ಅವನು ಒಳಗಿನಿಂದಲೇ ಕೂಗಿದ, “ಅಮ್ಮೀ, ಖಾಲಾಗ ಸೇರೇತಿ!”

ಮಾತು ನಡೆದೇ ಇತ್ತು. ಶಾಲೆಯ ಹಳೆಯ ಹೆಡ್‌ಮಾಸ್ತರರ ಸುದ್ದಿ, ಬಸ್ಸು ಕೆಟ್ಟು ಡಂಬಳದ ಹತ್ತಿರ ನಿಂತ ದಿನದ ಸುದ್ದಿ. ಗೆಳತಿ ಖುಷಿಯಲ್ಲಿದ್ದರು. ಅವರ ಯಜಮಾನರು ಮಾತ್ರ ಮತ್ತೆ ಮತ್ತೆ ನೀರು ಕುಡಿಯುತ್ತಿದ್ದರು. ಒಮ್ಮೆ ಜೇಬಿನಿಂದ ಪೆಪ್ಪರಮಿಂಟು ತೆಗೆದು ಬಾಯಿಗೆ ಹಾಕಿಕೊಂಡರು. ವಯಸ್ಸಾದವರ ಚಟ ಎಂದುಕೊಂಡು ನಾನು ಮುಂದಿನ ತಾಟಿಗೆ ಕೈ ಹಾಕಿದೆ. ಅದು ಕಾಬೂಲಿ ಕಡಲೆ ಹಾಕಿದ ಪಾಲಕ.

ಅದು ಅರ್ಧ ಮುಗಿದಿರಬೇಕು, ಆಗ ಪಕ್ಕದ ಮೇಜಿಗೆ ಹುಡುಗಿಯರ ಗುಂಪೊಂದು ಬಂದು ಕುಳಿತಿತು. ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಓದುವವರು, ಕೊರಳಲ್ಲಿ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಅವರಿಗೂ ಮೆಣಸಿನಕಾಯಿಯ ತಾಟು ಬಂತು. ಅದು ನಾನು ತಿಂದದ್ದರ ಅಳತೆಯದೇ. ಅದನ್ನು ಮೇಜಿನ ನಡುವೆ ಇಟ್ಟರು. ಎಲ್ಲರ ಕೈಗಳೂ ಒಟ್ಟಿಗೆ ಅದರೊಳಗೆ ಹೋದವು. ಒಬ್ಬಳು ತೊಟ್ಟು ಹಿಡಿದು ಕಚ್ಚಿದಳು, ಇನ್ನೊಬ್ಬಳು, “ಏ ಎಲ್ಲಾ ನೀನ ತಿನಬ್ಯಾಡಲೇ, ಅದು ಎಲ್ಲಾರಿಗೂ ಐತಿ” ಎಂದು ಅವಳ ಕೈಗೆ ಹೊಡೆದಳು. ಎಲ್ಲರೂ ನಕ್ಕರು.

ನಾನು ತಿರುಗಿ ನಮ್ಮ ಮೇಜನ್ನು ನೋಡಿದೆ. ಗೆಳತಿಯ ಮುಂದಿನ ತಾಟು ಇಟ್ಟಾಗ ಹೇಗಿತ್ತೋ ಹಾಗೆಯೇ ಇತ್ತು. ಸೊಸೆಯದೂ ಹಾಗೆಯೇ. ಅವರ ಯಜಮಾನರ ಮುಳ್ಳು ಚಮಚ ಮಡಚಿದ ಕಾಗದದ ಮೇಲೆ ಒಣಗಿಕೊಂಡು ಬಿದ್ದಿತ್ತು. ನನ್ನ ಮುಂದೆ ಮಾತ್ರ ಎಣ್ಣೆ, ಗೊಜ್ಜು, ಕಡಲೆಯ ಸಿಪ್ಪೆ.

ಕಿವಿ ಬಿಸಿಯಾದವು. ಆ ಕ್ಷಣ ನನಗೆ ನೆನಪಾದದ್ದು ನನ್ನ ಅಪ್ಪ. ಲಕ್ಷ್ಮೇಶ್ವರದ ಅಡತಿ ವ್ಯಾಪಾರಿಗಳ ಮನೆಗಳಲ್ಲಿ ಊಟಕ್ಕೆ ಕರೆದಾಗ ಅಪ್ಪ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಅವರು ಸಣಕಲು ಮನುಷ್ಯ, ಹೆಚ್ಚು ಉಣ್ಣುವವರೂ ಅಲ್ಲ. ಆದರೂ ಬಡಿಸುವವರಲ್ಲಿ ಯಾರಾದರೊಬ್ಬರು, “ಆಚಾರ್ರಿಗೆ ಇನ್ನೆರಡು ಹಾಕ್ರೋ, ಅದು ಹೊಟ್ಟಿ ಅಲ್ಲ, ಹಗೇವು” ಎನ್ನದೆ ಇರುತ್ತಿರಲಿಲ್ಲ. ಹಗೇವು ಎಂದರೆ ನೆಲದೊಳಗೆ ಕಾಳು ತುಂಬಿಡುವ ಕಣಜ. ಸಾಲಿಗೆ ಸಾಲೇ ನಗುತ್ತಿತ್ತು. ಅಪ್ಪನೂ ನಗುತ್ತಿದ್ದರು. ನಾನು ಮಾತ್ರ ಎಲೆಯ ಮೇಲಿನ ಅನ್ನವನ್ನೇ ನೋಡುತ್ತ ಕೂರುತ್ತಿದ್ದೆ. ನನ್ನ ಬಗ್ಗೆ ಯಾರೂ ಹಾಗೆ ಅನ್ನಬಾರದೆಂದು ಇಡೀ ಜೀವನ ಹೊರಗೆ ಎಲ್ಲಿ ಹೋದರೂ ಅರ್ಧ ಹೊಟ್ಟೆ ಉಂಡು ಎದ್ದಿದ್ದೇನೆ. ಈಗ ನಾಲ್ಕು ಜನರ ಊಟವನ್ನು ಒಬ್ಬಳೇ ಕೂತು ಬಳಿದು ತಿಂದಿದ್ದೆ, ಅದೂ ಹಸಿದು ಕೂತವರ ಎದುರಿನಲ್ಲಿ.

ತಾಟನ್ನು ನಡುವೆ ಸರಿಸಬೇಕೆಂದು ಕೈ ಇಟ್ಟೆ, ಸರಿಸಲಾಗಲಿಲ್ಲ. ಅರ್ಧ ತಿಂದದ್ದು. ನಮ್ಮಲ್ಲಿ ಎಂಜಲನ್ನು ಇನ್ನೊಬ್ಬರ ಮುಂದೆ ಸರಿಸುವುದಕ್ಕಿಂತ ದೊಡ್ಡ ಅವಮಾನವಿಲ್ಲ. ತಿನ್ನುವುದಕ್ಕೂ ಆಗದು, ಬಿಡುವುದಕ್ಕೂ ಆಗದು.

“ಆಪಾ,” ಎಂದೆ, ದನಿ ಏಳಲಿಲ್ಲ, “ಇದು ಎಲ್ಲಾರದೂ ಕೂಡೇ ತಿನ್ನೂದೇನು?”

ಗೆಳತಿ ಪಕ್ಕದ ಮೇಜಿನ ಕಡೆ ಒಮ್ಮೆ ನೋಡಿದರು. ಅವರಿಗೆ ಅರ್ಥವಾಯಿತು.

“ಅಯ್ಯ, ಇರ್ಲಿ ಬಿಡ್ರಿ. ನೀವು ತಿನ್ರಿ.”

“ಮೊದಲ ಯಾಕ ಹೇಳಲಿಲ್ಲ? ನಾ ಒಬ್ಬಾಕಿನ ಎಲ್ಲಾ ತಿಂದು ಕೂತೆ. ಏನ ತಿಳ್ಕೊಂಡಿರಿ ನೀವು ನನ್ನ!”

“ಏನ ತಿಳ್ಕೊಳ್ಳೂದ್ರಿ? ನಾನ ಹೇಳಿದ್ದೆ ಇವರಿಗೆ. ಅಕ್ಕಾರ ತಾಟಿಗೆ ಯಾರೂ ಕೈ ಹಾಕಬ್ಯಾಡ್ರಿ, ಅವರದು ಆಗಲಿ, ನಾವು ಆಮ್ಯಾಲೆ ತಿನ್ನೂಣು ಅಂತ. ನಿಮಗ ಒಂದ ತಾಟಿನ್ಯಾಗ ಆಗೂದಿಲ್ಲ, ನನಗ ಗೊತ್ತಿಲ್ಲೇನು?” ಅವರು ಇದನ್ನು ಬಹಳ ಮೆತ್ತಗೆ, ಸಂಕೋಚಪಡುತ್ತ ಹೇಳಿದರು, ತಪ್ಪು ತಮ್ಮದೇ ಎಂಬಂತೆ. “ಬಾಣಲಿನೂ ನಿಮ್ಮ ಸಲುವಾಗಿ ಹೊಸಾದು ತಂದಾನ. ಅದರಾಗ ಬ್ಯಾರೆ ಏನೂ ಮಾಡಿಲ್ಲ.”

ಅಷ್ಟು ಹೊತ್ತೂ ಹೊಟ್ಟೆಬಾಕಿ ಎಂದು ತಿಳಿದಾರು ಎಂದು ನಾಚಿದ್ದೆ. ಈಗ ಆ ನಾಚಿಕೆ ಎಲ್ಲಿಯೋ ಹೋಗಿ, ಹಾಗೆ ತಿಳಿದಿದ್ದರೇ ಎಷ್ಟೋ ಚೆನ್ನಾಗಿತ್ತು ಎನ್ನಿಸಿತು. ಅವರು ನನ್ನನ್ನು ನೋಡಿ ಬೆರಗಾಗಿರಲಿಲ್ಲ, ಬೇಸರಪಟ್ಟಿರಲಿಲ್ಲ. ನಾನು ಹೀಗೆಯೇ ಎಂದು ಮೊದಲೇ ತಿಳಿದು, ಅದಕ್ಕೆ ತಕ್ಕಂತೆ ಮನೆಮಂದಿಗೆಲ್ಲ ಹೇಳಿಟ್ಟು, ಹಸಿದು ಕುಳಿತಿದ್ದರು. ಸೊಸೆ ತಲೆ ತಗ್ಗಿಸಿ ಸೆರಗಿನ ಅಂಚು ಸರಿಮಾಡಿಕೊಂಡಳು. ಗೆಳತಿಯ ಯಜಮಾನರು ಏನೋ ತಮಾಷೆ ಮಾಡಿ ಹಗುರ ಮಾಡಲು ನೋಡಿದರು.

“ನನಗೇನ ಹಸಿವಿಲ್ರಿ. ಈ ಸಕ್ಕರಿ ಬ್ಯಾನಿ ಬಂದಾಗಿಂದ ಹೊಟ್ಟೀನ ಸಣ್ಣದಾಗೇತಿ.”

ಪೆಪ್ಪರಮಿಂಟು ಯಾಕೆಂದು ಆಗ ತಿಳಿಯಿತು. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಅವರಿಗೆ ತಲೆ ಸುತ್ತುತ್ತದೆ ಎಂದು ಗೆಳತಿ ಬಸ್ಸಿನಲ್ಲಿ ಎಷ್ಟು ಸಲ ಹೇಳಿಲ್ಲ!

“ಇಲ್ಲ ಇಲ್ಲ, ಎಲ್ಲಾರೂ ಕೂಡೇ ತಿನ್ನೂಣು,” ಎಂದೆ. ನನ್ನ ದನಿ ಶಾಲೆಯಲ್ಲಿ ಮಕ್ಕಳನ್ನು ಸಾಲಿಗೆ ನಿಲ್ಲಿಸುವಾಗಿನಂತೆ ಜೋರಾಗಿ ಕೇಳಿಸಿತು. “ನನಗ ಅದೆಲ್ಲಾ ಈಗ ಏನೂ ಇಲ್ಲ. ಯಾವಾಗೋ ಬಿಟ್ಟೇನಿ.”

ಮುಂದಿನ ತಾಟು ಬದನೆಕಾಯಿಯದು. ತೆಳ್ಳಗೆ ಹೆಚ್ಚಿ ಗರಿಗರಿಯಾಗಿ ಕರಿದು, ಮೇಲೆ ಜೋನಿ ಬೆಲ್ಲ ಎಳೆಎಳೆಯಾಗಿ ಬಿಟ್ಟಿದ್ದ. ಮಗ ತಾಯಿಯ ಮುಖ ನೋಡಿದ. ತಾಯಿ ಕಣ್ಣಲ್ಲೇ ಏನೋ ಹೇಳಿದರು. ಅವನು ತಾಟನ್ನು ಮೇಜಿನ ನಡುವೆ ಇಟ್ಟ. ಯಜಮಾನರು ಹಸಿದಿದ್ದರು, ಮೊದಲು ಕೈ ಹಾಕಿದವರು ಅವರೇ. ಒಂದು ಹೋಳು ತೆಗೆದು ಕಚ್ಚಿ, ಉಳಿದ ಅರ್ಧವನ್ನು ತಾಟಿನ ಬೆಲ್ಲದಲ್ಲಿ ಮತ್ತೊಮ್ಮೆ ಅದ್ದಿ ಬಾಯಿಗೆ ಹಾಕಿಕೊಂಡರು. ಯಾರಾದರೂ ಹಾಗೆಯೇ ತಿನ್ನುವ ಪದಾರ್ಥ ಅದು. ಪಕ್ಕದ ಹುಡುಗಿಯರೂ ಹಾಗೆಯೇ ತಿನ್ನುತ್ತಿದ್ದರು.

ನಾನು ಮುಳ್ಳು ಚಮಚ ಎತ್ತಿದೆ. ಕೈ ತಾಟಿನವರೆಗೆ ಹೋಯಿತು, ಅಲ್ಲಿ ನಿಂತಿತು. ಮನಸ್ಸು ಹೋಗೆಂದಿತು, ಕೈ ಹೋಗಲಿಲ್ಲ. ಆಮೇಲೆ ಅದು ತಾನಾಗಿ ತಾಟಿನ ಆಚೆ ಅಂಚಿಗೆ, ಅವರು ಅದ್ದಿದ ಜಾಗದಿಂದ ದೂರದಲ್ಲಿದ್ದ, ಬೆಲ್ಲ ತಾಗದ ಒಂದು ಒಣ ಹೋಳಿನ ಕಡೆಗೆ ಹೊರಳಿತು. ಯಾರೂ ನೋಡಿರಲಿಕ್ಕಿಲ್ಲ ಎಂದುಕೊಂಡೆ.

ಗೆಳತಿ ನೋಡಿದ್ದರು. ಮಾತಿನ ನಡುವೆಯೇ, ನನ್ನ ಕಡೆ ತಿರುಗದೆ, ಎರಡು ಬೆರಳಿನಿಂದ ತಾಟನ್ನು ಮೆಲ್ಲಗೆ ತಿರುಗಿಸಿದರು. ಯಾರೂ ಮುಟ್ಟದ ಬದಿ ನನ್ನ ಕಡೆಗೆ ಬಂತು.

ನಾನು ಆ ಹೋಳನ್ನು ತಿಂದೆ. ಇನ್ನೊಂದು ತೆಗೆದುಕೊಳ್ಳಲಿಲ್ಲ. ಹೊಟ್ಟೆ ತುಂಬಿದೆ ಎಂದೆ, ಅದು ನಿಜವೂ ಆಗಿತ್ತು. ಹೊರಡುವಾಗ ಮಗ ಕೆಳಗಿನವರೆಗೆ ಬಂದು ಆಟೋ ಹತ್ತಿಸಿದ. “ಖಾಲಾ, ಅಡಗಿ ಹೆಂಗಿತ್ತು, ಖರೆ ಹೇಳ್ರಿ” ಎಂದ. “ಭಾಳ ಚಲೋ ಇತ್ತಪ್ಪಾ” ಎಂದೆ. ಅವನ ಮುಖ ಅರಳಿತು. ಮನೆಯಲ್ಲಿ ನನ್ನ ಯಜಮಾನರು, “ಏನೇನ ತಿಂದಿ?” ಎಂದು ಕೇಳಿದರು. ಮೆಣಸಿನಕಾಯಿ, ಬ್ರೆಡ್ಡು ಎಂದೆಲ್ಲ ಹೇಳಿದೆ. ತಾಟು ತಿರುಗಿದ್ದನ್ನು ಹೇಳಲಿಲ್ಲ.

ಅದಾದ ಮೇಲೆ ಬಹಳ ದಿನ ಅವರಿಗೆ ಫೋನು ಮಾಡಲಾಗಲಿಲ್ಲ. ಕೈಗೆತ್ತಿಕೊಂಡು ಇಡುತ್ತಿದ್ದೆ. ಅಡುಗೆ ಮಾಡುವಾಗ, ಹೂ ಕಟ್ಟುವಾಗ, ಆ ಎರಡು ಬೆರಳು ಕಣ್ಣ ಮುಂದೆ ಬರುತ್ತಿದ್ದವು. ಅವರು ಅದನ್ನು ಎಷ್ಟು ಸಹಜವಾಗಿ ಮಾಡಿದ್ದರು! ಬಸ್ಸಿನಲ್ಲಿ ಕಿಟಕಿಯ ಬಿಸಿಲು ನನ್ನ ಮುಖಕ್ಕೆ ಬಿದ್ದಾಗ ಪರದೆ ಎಳೆಯುತ್ತಿದ್ದರಲ್ಲ, ಹಾಗೆ. ಇಷ್ಟು ವರ್ಷ ನನಗೆ ಗೊತ್ತಾಗದಂತೆ ಇನ್ನೆಷ್ಟು ತಾಟುಗಳನ್ನು ಹೀಗೆ ತಿರುಗಿಸಿದ್ದರೋ. ಕೊನೆಗೆ ಒಂದು ದಿನ ಅವರೇ ಫೋನು ಮಾಡಿದರು, ಕಣ್ಣಿನ ಡಾಕ್ಟರ ವಿಷಯ ಕೇಳಲು. ಆ ಮಾತು ಮುಗಿದ ಮೇಲೆ ನಾನು ತೊದಲಿದೆ.

“ಆಪಾ, ಅವತ್ತು ನಾನು...”

“ಅದನ್ನ ಯಾಕ ತಗಿತೀರಿ ಅಕ್ಕಾರ? ನೀವು ಬಂದ್ರಲ್ಲ, ನಮಗ ಅಷ್ಟ ಸಾಕಾತು” ಎಂದು ಮಾತು ತೇಲಿಸಿಬಿಟ್ಟರು. ಕ್ಷಮೆ ಕೇಳಲೂ ಜಾಗ ಕೊಡಲಿಲ್ಲ. ಅವರಿಗೆ ಅದು ಕ್ಷಮೆ ಕೇಳುವ ಸಂಗತಿಯೇ ಆಗಿರಲಿಲ್ಲವೇನೋ. ನನಗೆ ಅದೇ ಹೆಚ್ಚು ಚುಚ್ಚಿತು.

ಮಳೆಗಾಲ ಕಳೆದ ಮೇಲೆ ಮತ್ತೆ ಹೋದೆ, ಈ ಸಲ ಕರೆಯಿಸಿಕೊಳ್ಳದೆ, ಒಂದು ಮಧ್ಯಾಹ್ನ. ಗೆಳತಿಯೂ ಅಲ್ಲಿಯೇ ಇದ್ದರು, ಮಗನಿಗೆ ಬೆಳ್ಳುಳ್ಳಿ ಬಿಡಿಸಿಕೊಡುತ್ತ. ಮೇಜುಗಳ ಮೇಲೆ ಈಗ ಗುಳಿಗಳಿದ್ದ ಸ್ಟೀಲಿನ ತಾಟುಗಳಿದ್ದವು. ಒಬ್ಬೊಬ್ಬರಿಗೆ ಒಂದೊಂದು. ಮೆಣಸಿನಕಾಯಿ ಒಂದು ಗುಳಿಯಲ್ಲಿ, ಬಟಾಟಿ ಒಂದರಲ್ಲಿ, ಕಡಲೆ ಒಂದರಲ್ಲಿ.

“ಇದೇನಪಾ, ಬದಲ ಮಾಡಿ?” ಎಂದೆ.

“ಏನ ಮಾಡ್ಲಿ ಖಾಲಾ? ಒಂದ ತಾಟಿನ್ಯಾಗ ಎಲ್ಲಾರೂ ಕೈ ಹಾಕೂದು ನಮ್ಮ ಮಂದಿಗೆ ಸೇರವಲ್ದು. ಶಿರಹಟ್ಟಿಯಿಂದ ಒಂದ ಮನೀಯವರು ಬಂದಿದ್ರು. ಅಣ್ಣ ತಮ್ಮ, ಒಂದ ತಾಯಿ ಮಕ್ಕಳು. ಅವರೂ ಬ್ಯಾರೆ ಬ್ಯಾರೆ ಕೊಡು ಅಂದ್ರು. ನಾಗಾವಿ ಹುಡುಗ್ಯಾರು ಅಷ್ಟ ಮೊದಲಿನಂಗ ತಿಂತಾರ.” ಅವನಿಗೆ ಬೇಸರವೇನೂ ಇರಲಿಲ್ಲ. “ವ್ಯಾಪಾರ ಚಲೋ ಐತ್ರಿ ಈಗ.”

ಶಿರಹಟ್ಟಿಯವರ ಮಾತು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಲ್ಲಿ ಮೊದಲು ಬೇರೆ ತಾಟು ಮಾಡಿಸಿದವಳು ನಾನು.

“ನಮ್ಮಿಬ್ಬರಿಗೂ ಕೂಡಿ ಒಂದ ತಾಟು ಕೊಡು, ಮೊದಲಿನಂಗ” ಎಂದೆ.

ಗೆಳತಿ ಬೆಳ್ಳುಳ್ಳಿಯ ಕೈ ತೊಳೆದುಕೊಂಡು ಬಂದು ಎದುರಿಗೆ ಕುಳಿತರು. ಬಟಾಟಿ ಬಂತು. ಅವರು ಅಭ್ಯಾಸದಂತೆ ಒಂದು ಶುಚಿಯಾದ ಚಮಚ ತೆಗೆದುಕೊಂಡು ನನ್ನ ಪಾಲನ್ನು ಬೇರೆ ತೆಗೆಯಲು ಹೊರಟರು. ನಾನು ಅವರ ಮಣಿಕಟ್ಟು ಹಿಡಿದೆ.

“ಬ್ಯಾಡ ಆಪಾ. ಮೊದಲ ನೀವು ತಿನ್ರಿ, ಆಮ್ಯಾಲೆ ನಾ ತಿಂತೀನಿ.”

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಒಂದು ಹೋಳು ಗೊಜ್ಜಿನಲ್ಲಿ ಹೊರಳಿಸಿ ತಿಂದರು. ನಾನು ಅದೇ ಜಾಗದಿಂದ, ಅದೇ ಗೊಜ್ಜಿನಿಂದ, ಒಂದು ಹೋಳು ತೆಗೆದುಕೊಂಡೆ. ಸುಳ್ಳು ಹೇಳಲಾರೆ, ಅದು ಸುಲಭವಾಗಿ ಇಳಿಯಲಿಲ್ಲ. ನೀರು ಕುಡಿದು ಇಳಿಸಿದೆ. ಎರಡನೆಯದಕ್ಕೂ ಹಾಗೆಯೇ ಆಯಿತು. ಆಮೇಲೆ ಬ್ಯಾಡಗಿಯ ಖಾರ ನಾಲಿಗೆಗೆ ಹತ್ತಿ, ಬೆಳ್ಳುಳ್ಳಿಯ ವಾಸನೆ ಹಿಡಿದು, ತಿನ್ನುವುದು ಬರಿಯ ತಿನ್ನುವುದಾಯಿತು. ಒಂದು ಬಟಾಟಿ ಹೋಳನ್ನು ನುಂಗಲು ಇಷ್ಟು ಧೈರ್ಯ ಬೇಕಾಯಿತಲ್ಲ ಎಂದು ತಲೆ ಎತ್ತಲಾಗಲಿಲ್ಲ.

ಗೆಳತಿ ತಮ್ಮ ಕಣ್ಣಿನ ಆಪರೇಶನ್ನಿನ ಮಾತು ತೆಗೆದರು. ಹುಬ್ಬಳ್ಳಿಗೆ ಹೋಗಬೇಕಂತೆ, ಮಗನಿಗೆ ಅಂಗಡಿ ಬಿಟ್ಟು ಬರಲಾಗದಂತೆ, ಯಜಮಾನರಿಗೆ ಓಡಾಟ ಆಗದಂತೆ. “ಒಬ್ಬಾಕಿನ ಹೆಂಗ ಹೋಗಲಿ ಅಂತ ಚಿಂತಿ ಹತ್ತೇತ್ರಿ” ಎಂದರು, ತಾಟಿನ ಕೊನೆಯ ಗೊಜ್ಜನ್ನು ಬ್ರೆಡ್ಡಿನಿಂದ ಬಳಿಯುತ್ತ.

“ನಾ ಬರ್ತೀನಲ್ಲ” ಎಂದೆ. “ಮುಂಜಾನೆ ಬಸ್ಸಿಗೆ ಹೋಗೂಣು. ಸೀಟು ನಾ ಹಿಡೀತೀನಿ.”